ಜನ ಇರುವ ರೂಮು

ಬಾಗಿಲು ತೆರೆದವನು ಬನಿಯನ್ನಿನಲ್ಲಿದ್ದ. ಬಾಯಲ್ಲಿ ಬ್ರಷ್ಷು, ಗಲ್ಲದ ಮೇಲೆ ಪೇಸ್ಟಿನ ನೊರೆ.

“ಯಾರು ಬೇಕಿತ್ತು?” ಎಂದು ಅವನೇ ಕೇಳಿದ.

ಸಮುದ್ರದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಮೂರು ಮಹಡಿ ಹತ್ತಿ ಬಂದಿದ್ದ ಗಂಡ, ಹೆಂಡತಿ, ಮಗಳು ಒಟ್ಟಿಗೆ ಬಾಗಿಲಿನ ನಂಬರು ನೋಡಿದರು. ನಂಬರು ಅವರದೇ. ಒಳಗಿನ ಕಿಟಕಿಯೂ ಅವರದೇ, ಅದರಲ್ಲಿ ಅಂಗೈಯಗಲ ಕಾಣುವ ಸಮುದ್ರವೂ ಅವರದೇ. ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ ಅಜ್ಜಿ ಮಾತ್ರ ಅವರದಲ್ಲ.

ಹೊರಗೆ ಹೋಗುವವರು ಕೀಲಿಯನ್ನು ಕೌಂಟರಿನಲ್ಲಿ ಕೊಟ್ಟು ಹೋಗಬೇಕೆಂಬುದು ಆ ಅಗ್ಗದ ಲಾಡ್ಜಿನ ನಿಯಮ. ಗಂಡ ಬೆಳಿಗ್ಗೆ ಹಾಗೇ ಕೊಟ್ಟು ಹೋಗಿದ್ದ. “ಕೀಲಿ ಕೊಟ್ರೆ ರೂಮನ್ನೇ ಬೇರೆಯವರಿಗೆ ಕೊಟ್ಬಿಡೋದಾ?” ಎಂದು ಅವನು ಮೆಟ್ಟಿಲ ಬಳಿ ನಿಂತು ಕೂಗಿದ ಕೂಗಿಗೆ ಮ್ಯಾನೇಜರು ಏದುಸಿರು ಬಿಡುತ್ತ ಮೇಲೆ ಬಂದ. ಅವನ ಹಿಂದೆ, ಪೊರಕೆ ಹಿಡಿದುಕೊಂಡೇ, ರೂಮು ಗುಡಿಸುವ ಹೆಂಗಸು.

“ಖಾಲಿ ಆಗಿದೆ ಅಂದಿದ್ದು ಇವಳು ಸಾರ್,” ಎಂದು ಮ್ಯಾನೇಜರು ಪಕ್ಕಕ್ಕೆ ಸರಿದ.

“ನಾನೇ ಅಂದಿದ್ದು. ಇನ್ನೇನು ಅನ್ಲಿ?” ಹೆಂಗಸು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿಲಲ್ಲೇ ಬಗ್ಗಿ ಮಂಚದಡಿ ಇಣುಕಿದಳು. “ಬೆಡ್‌ಶೀಟಲ್ಲಿ ಒಂದು ಸುಕ್ಕಿಲ್ಲ. ಬಚ್ಚಲು ಒರೆಸಿಟ್ಟಿದೆ, ಬಕೆಟ್ಟು ಬೋರಲು ಹಾಕಿದೆ. ಸಮುದ್ರಕ್ಕೆ ಬಂದವರ ರೂಮಲ್ಲಿ ಒಂದು ಕಾಳು ಮರಳಿಲ್ಲ ಅಂದ್ರೆ ಏನಂತ ತಿಳ್ಕೊಳ್ಲಿ? ಬ್ಯಾಗು ಈಗ ನೋಡಿದ್ರೆ ಮಂಚದ ಕೆಳಗೆ ಗೋಡೆಗೆ ಅಂಟ್ಕೊಂಡಿದೆ, ಆಗ ಕಾಣ್ಲೇ ಇಲ್ಲ. ನಾನು ಗುಡಿಸಿದ್ರೂ ಇಷ್ಟು ಚೆನ್ನಾಗಿರಲ್ಲ ಸಾರ್. ಜನ ಇದ್ದ ಹಾಗೇ ಇರ್ಲಿಲ್ಲ.”

ಗಂಡನ ಕೂಗು ಅಲ್ಲೇ ನಿಂತಿತು. ಅವನು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಇಲ್ಲಿರುವಷ್ಟು ದಿನ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡಬಾರದೆಂದು ಬಸ್ಸಿನಲ್ಲೇ ಅವಳಿಂದ ಮಾತು ತೆಗೆದುಕೊಂಡಿದ್ದ. ಅವಳು ಸುಮ್ಮನೆ ಕೂತು ಸಮುದ್ರ ನೋಡಲಿ ಎಂದೇ ಕಾಡಿ ಬೇಡಿ ಕಿಟಕಿಯ ರೂಮು ಹಿಡಿದಿದ್ದ. ಅವಳೂ ಖುಷಿಯಿಂದಲೇ ಒಪ್ಪಿದ್ದಳು. ಆದರೆ ಒಪ್ಪಿದ್ದು ಬಾಯಿ, ಕೈಯನ್ನು ಯಾರೂ ಕೇಳಿರಲಿಲ್ಲ.

“ಬೆಳಿಗ್ಗೆ ಕನ್ನಡಕ ಮರೆತೆ ಅಂತ ವಾಪಸ್ ಮೇಲೆ ಹೋದ್ಯಲ್ಲಮ್ಮಾ,” ಎಂದಳು ಮಗಳು. “ಆಗ ಕನ್ನಡಕ ನಿನ್ ಮೂಗಿನ ಮೇಲೇ ಇತ್ತು. ಪಾಪ ಅಂತ ಸುಮ್ನಿದ್ದೆ.”

“ಎರಡು ನಿಮಿಷದ ಕೆಲಸ ಕಣೇ. ಹಾಗೇ ಬಿಟ್ಟು ಹೋದ್ರೆ ಗುಡಿಸೋಕೆ ಬಂದೋರು ಏನಂದ್ಕೋತಾರೆ, ಎಂಥಾ ಜನ ಅಂತ...”

“ಏನಂದ್ಕೊಂಡ್ರು ಅಂತ ಗೊತ್ತಾಯ್ತಲ್ಲ?” ಎಂದ ಗಂಡ. “ಜನಾನೇ ಇಲ್ಲ ಅಂದ್ಕೊಂಡ್ರು!”

ಮಗಳು ಗೋಡೆ ಹಿಡಿದುಕೊಂಡು ನಕ್ಕಳು. ಮ್ಯಾನೇಜರು ನಕ್ಕ, ಬನಿಯನ್ನಿನವನು ನೊರೆ ಹಾರಿಸುತ್ತ ನಕ್ಕ. ಹೆಂಡತಿಯೂ ನಗಲು ನೋಡಿದಳು, ಆಗಲಿಲ್ಲ. ಮನೆಯಲ್ಲಾದರೂ ಅಷ್ಟೇ ಅಲ್ಲವೇ ಎನಿಸಿತು. ಗಂಡನ ಪೇಪರು ಸೋಫಾದ ಮೇಲೆ, ಮಗಳ ಹೇರ್‌ಬ್ಯಾಂಡು ಟೀವಿಯ ಮೇಲೆ, ಅವನ ಕಾಲುಚೀಲ ಒಂದು ಇಲ್ಲಿ ಒಂದು ಅಲ್ಲಿ. ಎತ್ತಿ ಎತ್ತಿ ಇಟ್ಟು ಅವಳ ಸೊಂಟ ಹೋಗಿತ್ತು. ತನ್ನದು ಎಂದು ಎಲ್ಲಾದರೂ ಏನಾದರೂ ಬಿದ್ದಿರುತ್ತಿತ್ತೇ ಎಂದು ನೆನಪು ಮಾಡಿಕೊಂಡಳು. ಅಡುಗೆಮನೆಯಿಂದ ಹಿಡಿದು ಬಚ್ಚಲಿನವರೆಗೆ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದರೂ ಒಂದೂ ಸಿಗಲಿಲ್ಲ. ಅವಳಿಗೆ ಭಯವಾಯಿತು.

ದಾರಿಯ ಆಯಾಸಕ್ಕೆ ಮಲಗಿದ್ದ ಅಜ್ಜಿಯನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ. ಇವರಿಗೆ ಅದೇ ಮಹಡಿಯ ಹಿಂಬದಿಯ ರೂಮು ಸಿಕ್ಕಿತು. ಅದರ ಕಿಟಕಿ ತೆರೆದರೆ ಎದುರಿಗೆ ನೀರಿನ ಟ್ಯಾಂಕು.

“ಇದೂ ನೀರೇ, ನೋಡು,” ಎಂದ ಗಂಡ. ಅಷ್ಟು ಹೊತ್ತಿಗೆ ಅವನ ಸಿಟ್ಟು ಇಳಿದಿತ್ತು.

ಮರುದಿನ ಬೆಳಿಗ್ಗೆ ಗಂಡ, ಮಗಳು ಟವೆಲ್ ಹೆಗಲಿಗೆ ಹಾಕಿಕೊಂಡು ಮುಂದೆ ಇಳಿದರು. ಹೆಂಡತಿ ಹಿಂದೆ ಉಳಿದಳು. ಕೈ ತಾನಾಗಿ ಬೆಡ್‌ಶೀಟಿಗೆ ಹೋಯಿತು. ಕೊಡವಿದಳು, ಎಳೆದು ಅಂಚು ಸಿಕ್ಕಿಸಿದಳು, ದಿಂಬು ತಟ್ಟಿದಳು, ಬ್ಯಾಗುಗಳನ್ನು ಕಾಲಿನಿಂದ ಮಂಚದಡಿಗೆ ನೂಕಿದಳು. ಬಾಗಿಲ ಬಳಿ ನಿಂತು ಒಮ್ಮೆ ಹಿಂತಿರುಗಿ ನೋಡಿದಳು. ರೂಮಿನಲ್ಲಿ ಯಾರೂ ಇರಲಿಲ್ಲ.

ಅವಳು ಒಳಗೆ ಬಂದಳು. ಚಪ್ಪಲಿ ಬಿಟ್ಟು, ಮಂಚ ಹತ್ತಿ, ಸರಿಮಾಡಿದ ಹಾಸಿಗೆಯ ನಟ್ಟನಡುವೆ ಅಂಗಾತ ಮಲಗಿದಳು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತ ತಿರುಗುತ್ತಿತ್ತು. ಅದನ್ನೇ ನೋಡಿದಳು. ಹಿತವಾಗಿತ್ತು.

“ಏನೇ, ಇವತ್ತೂ ಕನ್ನಡಕ ಮರೆತ್ಯಾ?” ಕೆಳಗಿನಿಂದ ಗಂಡ ಕೂಗಿದ.

“ಬಂದೇ!” ಎನ್ನುತ್ತ ಎದ್ದಳು. ದಿಂಬಿನ ನಡುವೆ ಒಂದು ತಲೆಯಷ್ಟು ತಗ್ಗು ಬಿದ್ದಿತ್ತು, ತಗ್ಗಿನಲ್ಲಿ ಅರ್ಧ ನರೆತ ಒಂದು ಉದ್ದನೆಯ ಕೂದಲು. ತಟ್ಟಿ ಸರಿಮಾಡಲು ಕೈ ಮುಂದೆ ಹೋಯಿತು. ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದೇ ಕೈಯಿಂದ ಬಾಗಿಲು ಎಳೆದು ಬೀಗ ಹಾಕಿದಳು.