ಅತ್ತೆಯ ಲೋಟ

ಕಷಾಯದ ಲೋಟ ಸಂಚಿತಾಳ ತುಟಿಗೆ ಇನ್ನೇನು ತಾಗಬೇಕು, ಶಶಿಪ್ರಭಾ ಮಗಳ ಕೈ ಹಿಡಿದುಬಿಟ್ಟಳು. ಮೇಜಿನ ಮೇಲೆ ಅವಳು ತುಂಬಿಸಿಟ್ಟದ್ದು ಮೂರೇ ಲೋಟ. ಈಗ ಅಲ್ಲಿ ನಾಲ್ಕನೆಯದೊಂದು ಇತ್ತು. ಅದು ಅತ್ತೆಯ ಹಿತ್ತಾಳೆ ಲೋಟ, ಅವರು ತೀರಿಕೊಂಡಂದಿನಿಂದ ಅಟ್ಟದ ಪೆಟ್ಟಿಗೆಯಲ್ಲಿದ್ದದ್ದು.

ಆಟಿ ತಿಂಗಳ ಅಮಾವಾಸ್ಯೆಯಂದು ಖಾಲಿ ಹೊಟ್ಟೆಗೆ ಕುಡಿಯುವ, ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯವನ್ನು ಮೊದಲು ಕುಡಿಯುತ್ತಿದ್ದವರು ಅತ್ತೆಯೇ. ಕುಡಿದು, ದೇವರ ನೂರೆಂಟು ನಾಮ ಹೇಳಿ ಮುಗಿಸುವ ತನಕ ಬೇರೆ ಯಾರೂ ಲೋಟ ಮುಟ್ಟುವಂತಿರಲಿಲ್ಲ. ಹಳೆಯ ಹೆದರಿಕೆಗಳನ್ನು ಬಿಟ್ಟರೆ ಮಾತ್ರ ಮನುಷ್ಯ ಬೆಳೆಯುತ್ತಾನೆ ಎಂದು ತಾನು ದಿನಾ ಓದುವ ಪುಸ್ತಕದಲ್ಲಿ ಕಂಡು, ಶಶಿಪ್ರಭಾ ಈ ವರ್ಷ ಆ ಕ್ರಮವನ್ನು ಬಿಟ್ಟಿದ್ದಳು.

"ಎಂತ ಅಮ್ಮ, ಇದು ಕುಡಿದ್ರೆ ಮಾತ್ರ ಅಲ್ವಾ ಮೆಂತೆ ಗಂಜಿ?" ಎಂದಳು ಸಂಚಿತಾ.

"ಈ ಲೋಟ ಯಾರು ಇಳಿಸಿದ್ದು?"

"ನಾನಲ್ಲ ಮಾರಾಯ್ತಿ," ಎಂದರು ಗಂಡ ಮೋಹನದಾಸ. "ಬೆಳಗಾಗುವ ಮೊದಲು ಕತ್ತಲಲ್ಲಿ ಮರ ಹುಡುಕಿ ಕೆತ್ತೆ ತಂದದ್ದೇ ಸಾಕಾಗಿ ಹೋಗಿದೆ ನನಗೆ."

ಕತ್ತಲಲ್ಲಿ! ಶಶಿಪ್ರಭಾ ಉಳಿದಿದ್ದ ಹಸಿ ಕೆತ್ತೆಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಗೀರಿದಳು. ಪಾಲೆಯಾದರೆ ಬಿಳಿ ಹಾಲು ಒಸರಬೇಕು. ಒಸರಲಿಲ್ಲ. ಇದು ಪಾಲೆಯಂತೆಯೇ ಕಾಣುವ ವಿಷದ ಕಾಸರಕ ಮರದ್ದು. ಅತ್ತೆ ಮೊದಲು ತಾನೇ ಕುಡಿದು ಕಾಯುತ್ತಿದ್ದದ್ದು ಇದಕ್ಕೇ. ಮಗಳ ಲೋಟ ಕಿತ್ತುಕೊಂಡು ಸಿಂಕಿಗೆ ಸುರಿದಳು. ಗಂಡನದ್ದನ್ನು, ತನ್ನದನ್ನು ಸುರಿದಳು. ಕೊನೆಗೆ ಹಿತ್ತಾಳೆ ಲೋಟವನ್ನೂ ಬಗ್ಗಿಸಿದಳು.

ಒಂದು ಹನಿಯೂ ಬೀಳಲಿಲ್ಲ. ಲೋಟ ಇನ್ನೂ ಬಿಸಿಯಿತ್ತು. ತಳದಲ್ಲಿ ಕಷಾಯದ ಚರಟ, ಅಂಚಿನಲ್ಲಿ ತುಟಿಗಳ ಒದ್ದೆ ಗುರುತು.