ಚಕ್ರಕ್ಕೆ ಸುತ್ತಿದ ಉಣ್ಣೆ

"ಡಾಕ್ಟ್ರೇ, ಈ ಎಂಜಿನ್ ಓಡಿದೆ," ಎಂದರು ಡಾಕ್ಟರ ಮನೆಗೆ ಬಂದಿದ್ದ ಕನ್ನಡಕದಂಗಡಿಯ ಯಜಮಾನರು, ಕಣ್ಣಿಗೆ ಹಿಡಿದ ಭೂತಗನ್ನಡಿಯನ್ನು ತೆಗೆಯದೆ.

ಹಲ್ಲಿನ ಡಾಕ್ಟರಿಗೆ ನಗು ಬಂತು. ಓಡುವುದಿರಲಿ, ಆ ಹಸಿರು ಎಂಜಿನ್ ಕೊಂಡ ದಿನದಿಂದ ಹಳಿಯ ಮುಖವನ್ನೇ ಕಂಡಿರಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಅದರ ಮೈಗೆ ಬೆರಳಿನ ಗುರುತು ಬೀಳಬಾರದೆಂದು ಅವರು ಹಲ್ಲು ಕೀಳುವಾಗಿನ ಕೈಗವಸು ಹಾಕಿಕೊಂಡೇ ಅದನ್ನು ಮುಟ್ಟುತ್ತಿದ್ದರು. ವರ್ಷಕ್ಕೊಮ್ಮೆ ರಟ್ಟಿನ ಪೆಟ್ಟಿಗೆ ತೆರೆದು, ಕಣ್ತುಂಬ ನೋಡಿ, ಮತ್ತೆ ಮುಚ್ಚಿಡುವುದು. ಅದರಲ್ಲೇ ಅವರಿಗೆ ಸ್ವರ್ಗಸುಖ. ಮಿಕ್ಕ ರೈಲುಗಳ ಮಾತು ಬೇರೆ. ನಡುಮನೆಯ ದೊಡ್ಡ ಮೇಜಿನ ತುಂಬ ಹಳಿ ಹಾಸಿ, ಭಾನುವಾರವಿಡೀ ಅವನ್ನು ಸುತ್ತಿಸುತ್ತ ಹಸಿವನ್ನೂ ಮರೆಯುತ್ತಿದ್ದರು. ಯಾರಾದರೂ ಅವನ್ನು ಆಟಿಕೆ ಅಂದರೆ ಮಾತ್ರ ಮುಖ ಊದಿಸಿಕೊಳ್ಳುತ್ತಿದ್ದರು.

ಅಂಥ ಎಂಜಿನ್ನನ್ನು ಇವತ್ತು ಕೈಬಿಡಲು ಒಪ್ಪಿದ್ದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಅವರ ಅಪ್ಪ ಒಂದೊಂದೇ ಬೋಗಿ ಕೊಡಿಸಿ ಕಟ್ಟಿದ ಕೆಂಪು ರೈಲಿಗೆ ಊಟದ ಬೋಗಿಯೊಂದು ಕಡಿಮೆ ಬಿದ್ದಿತ್ತು. ಅದು ಸಿಕ್ಕಿದ್ದು ಈ ಕನ್ನಡಕದವರ ಬೀರುವಿನಲ್ಲಿ. ಎಂಜಿನ್ ಕೊಟ್ಟು ಬೋಗಿ ತೆಗೆದುಕೊಳ್ಳುವುದು, ಎರಡೂ ಒಮ್ಮೆಯೂ ಓಡಿರಬಾರದು ಎಂದು ಮಾತಾಗಿತ್ತು.

"ನೀವೇ ನೋಡಿ," ಎಂದು ಕನ್ನಡಕದವರು ಎಂಜಿನ್ನನ್ನು ಅಂಗಾತ ಮಲಗಿಸಿ, ಚಕ್ರದ ಸಂದಿಯಿಂದ ಚಿಮಟದಲ್ಲಿ ಏನನ್ನೋ ಎಳೆದರು. ಬೆರಳುದ್ದದ ಕಿತ್ತಳೆ ಬಣ್ಣದ ಉಣ್ಣೆಯ ಎಳೆ ಸುರುಳಿ ಬಿಚ್ಚಿಕೊಂಡು ಬಂತು. ಅವರು ಅದನ್ನೊಮ್ಮೆ ನೋಡಿ, ಡಾಕ್ಟರು ತೊಟ್ಟಿದ್ದ ಕಿತ್ತಳೆ ಬಣ್ಣದ ಸ್ವೆಟರನ್ನೊಮ್ಮೆ ನೋಡಿದರು.

"ಚಕ್ರ ತಿರುಗದೆ ಇದು ಹೀಗೆ ಸುತ್ಕೊಳ್ಳಲ್ಲ. ಅಂಚಿನ ಮೆರುಗೂ ಸವೆದಿದೆ. ಓಡಿಸಿದ್ರೆ ಓಡಿಸಿದೀನಿ ಅನ್ನಿ ಡಾಕ್ಟ್ರೇ, ಅದರಲ್ಲೇನು ತಪ್ಪು? ಇಲ್ಲ ಅಂತ ಯಾಕೆ ಹೇಳ್ತೀರಿ?"

ಡಾಕ್ಟರ ಮುಖ ಕಪ್ಪಿಟ್ಟಿತು. ಬೋಗಿ ಕೈತಪ್ಪಿದರೆ ತಪ್ಪಲಿ. ಆದರೆ ರೈಲು ಕೂಡಿಡುವವರ ಆ ಪುಟ್ಟ ಬಳಗದಲ್ಲಿ ಒಮ್ಮೆ ಸುಳ್ಳುಗಾರ ಅನ್ನಿಸಿಕೊಂಡವನ ಪೆಟ್ಟಿಗೆಯನ್ನು ಮತ್ತೆ ಯಾರೂ ನಂಬುವುದಿಲ್ಲ.

"ನನ್ನಾಣೆಗೂ ನಾನು..."

"ಆಣೆಗೀಣೆ ಬೇಡ ರೀ," ಎಂದರು ಕಿಟಕಿಯ ಪಕ್ಕ ಕೂತು ಹೆಣೆಯುತ್ತಿದ್ದ ಡಾಕ್ಟರ ಹೆಂಡತಿ. ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡರು. "ಓಡಿಸಿದ್ದು ನಾನು."

"ನೀನಾ? ಯಾವಾಗ?"

"ಮಧ್ಯಾಹ್ನ. ನೀವು ಕ್ಲಿನಿಕ್ಕಿಗೆ ಹೋದ್ಮೇಲೆ. ದಿನಾ."

ದಿನಾ ಎಂಬ ಮಾತಿಗೆ ಡಾಕ್ಟರು ಕುರ್ಚಿ ಹಿಡಿದುಕೊಂಡರು. "ಮನೆ ತುಂಬ ರೈಲಿರುವಾಗ ನಿಂಗೆ ಇದೇ ಬೇಕಾಗಿತ್ತಾ?"

"ಮಿಕ್ಕಿದ್ದೆಲ್ಲ ಭಾನುವಾರ ನಿಮ್ಮ ಜೊತೆ ಕಾಲ ಕಳೀತವೆ. ಇದೊಂದೇ ಪಾಪ, ಯಾರು ಮಾತಾಡಿಸ್ತಾರೋ ಅಂತ ಒಳಗೇ ಕೂತಿರುತ್ತೆ. ನೀವು ಮಧ್ಯಾಹ್ನದ ಊಟಾನೂ ಕ್ಲಿನಿಕ್ಕಿಗೇ ತರಿಸ್ಕೋತೀರಿ. ಅದಕ್ಕೆ ಒಂದಿನ ತೆಗೆದು ಓಡಿಸಿದೆ. ಪಕ್ಕದಲ್ಲಿ ಕೂತು ಹೆಣೀತಾ ಇದ್ರೆ, ಮನೇಲಿ ಯಾರೋ ಓಡಾಡ್ತಾ ಇದಾರೆ ಅನ್ನಿಸ್ತಿತ್ತು. ನಿಮ್ಮ ಸ್ವೆಟರ್ ಶುರುವಾಗಿ ಮುಗಿದಿದ್ದೂ ಆ ಮೇಜಿನ ಹತ್ರಾನೇ."

ಬೈಯಲು ಬಾಯಿ ತೆರೆದಿದ್ದ ಡಾಕ್ಟರು ತೊಟ್ಟ ಸ್ವೆಟರಿನ ಅಂಚನ್ನು ಸವರಿಕೊಂಡರು. ದಿನವಿಡೀ ಕಂಡಕಂಡವರನ್ನೆಲ್ಲ ಎಲ್ಲಿ ನೋವು ಎಂದು ಕೇಳುವ ಮನುಷ್ಯ, ಸ್ವಂತ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಸುಕ್ಕುಬಿದ್ದ ಆ ಕೈಗಳ ಮೇಲೆ ಅಕ್ಕರೆ ಉಕ್ಕಿ ಬಂತು. ಕನ್ನಡಕದವರು, ಪಾಪ, ಎಲ್ಲಿ ನೋಡಬೇಕೆಂದು ತಿಳಿಯದೆ ಭೂತಗನ್ನಡಿಯನ್ನು ಒರೆಸಿದ್ದೇ ಒರೆಸಿದ್ದು.

"ಹೇಗೆ ಓಡುತ್ತೆ ಅದು?" ಡಾಕ್ಟರ ದನಿ ಮೆತ್ತಗಾಗಿತ್ತು.

"ಚೆನ್ನಾಗೇ ಓಡುತ್ತೆ. ತಿರುವಿನಲ್ಲಿ ಮಾತ್ರ ಸ್ವಲ್ಪ ಗೊಣಗುತ್ತೆ, ನಿಮ್ಮ ಹಾಗೆ."

ಆಕೆಯೇ ಎದ್ದು ಎಂಜಿನ್ನನ್ನು ಬರಿಗೈಯಲ್ಲಿ ಎತ್ತಿ ಹಳಿಯ ಮೇಲಿಟ್ಟು ಸ್ವಿಚ್ ಒತ್ತಿದರು. ಎಂಜಿನ್ ಹೊರಟಿತು. ತಿರುವು ಬಂದಾಗ ಕಿರ್ರೆಂದು ಗೊಣಗಿತು. ಡಾಕ್ಟರು ತಮ್ಮ ಎಂಜಿನ್ನಿನ ದನಿ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿತು, ಮರೆಮಾಚಲೂ ಹೋಗಲಿಲ್ಲ. ಕನ್ನಡಕದವರು ಚೀಲದಿಂದ ಊಟದ ಬೋಗಿಯನ್ನು ತೆಗೆದು, "ಒಂದೇ ಒಂದು ಸುತ್ತು," ಎಂದು ತಮಗೆ ತಾವೇ ಹೇಳಿಕೊಂಡು ಎಂಜಿನ್ನಿನ ಹಿಂದೆ ಸಿಕ್ಕಿಸಿದರು. ಒಂದೇ ಸುತ್ತಿಗೆ ಯಾರೂ ನಿಲ್ಲಿಸಲಿಲ್ಲ. ಕೊಡುಕೊಳ್ಳುವ ಮಾತನ್ನು ಮತ್ತೆ ಯಾರೂ ಎತ್ತಲೂ ಇಲ್ಲ.

ಮರುವಾರ ಕ್ಲಿನಿಕ್ಕಿನ ಬಾಗಿಲಿಗೆ ಹೊಸ ಫಲಕವೊಂದು ಬಂತು: 'ಡಾಕ್ಟರು ಮಧ್ಯಾಹ್ನದ ರೈಲಿಗೆ ಹೋಗಿದ್ದಾರೆ. ನಾಲ್ಕರ ಮೇಲೆ ಬನ್ನಿ.'

ಕೆನ್ನೆ ಊದಿಸಿಕೊಂಡು ಬಂದಿದ್ದ ರೋಗಿಯೊಬ್ಬರು ಅದನ್ನು ಎರಡು ಸಲ ಓದಿಕೊಂಡು, ಒಳಗೆ ಕೂತಿದ್ದ ನರ್ಸನ್ನು ಕೇಳಿದರು, "ದಿನಾ ರೈಲಲ್ಲಿ ಎಲ್ಲಿಗಮ್ಮ ಹೋಗ್ತಾರೆ?"

"ಮನೆಗೆ."

"ಅಷ್ಟು ದೂರಾನಾ ಮನೆ?"

ನರ್ಸ್ ಹತ್ತಿಯನ್ನು ಉಂಡೆ ಮಾಡುತ್ತಲೇ ಚಾವಣಿಯ ಕಡೆ ಕಣ್ಣೆತ್ತಿದರು. "ಇಲ್ಲೇ, ಮಹಡಿ ಮೇಲೆ."