ಅಚ್ಚಿನ ಹೃದಯ

ಮೇಜಿನ ಮೇಲೆ ಎರಡು ಹೃದಯಗಳಿದ್ದವು. ಸ್ಕ್ಯಾನ್ ಚಿತ್ರಗಳಿಂದ ಯಂತ್ರವು ಅಚ್ಚು ತೆಗೆದ, ರಬ್ಬರಿನಷ್ಟು ಮೆತ್ತನೆಯ ಮಾದರಿಗಳು. ಎರಡೂ ಮೇಜಿನ ಎದುರು ನಿಂತಿದ್ದ ತಾಯಿಯ ಕೂಸಿನ ಹೃದಯದ ಪಡಿಯಚ್ಚು. ಮರುದಿನದ ಶಸ್ತ್ರಕ್ರಿಯೆಯನ್ನು ಇಬ್ಬರು ವೈದ್ಯರು ಒಂದೊಂದರ ಮೇಲೆ ಮಾಡಿ ನೋಡಿದ್ದರು.

"ನಾಳೆ ಆಪರೇಷನ್ ಇವರು ಮಾಡ್ತಾರವ್ವಾ," ಎಂದು ಹಿರಿಯ ವೈದ್ಯರು ಪಕ್ಕದಲ್ಲಿ ನಿಂತಿದ್ದ ಕಿರಿಯ ವೈದ್ಯೆಯನ್ನು ತೋರಿಸಿದರು.

ತಾಯಿ ಕೈ ಮುಗಿದಳು. "ಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಹುಡುಗಿ ಕೈಯಾಗ ನನ್ನ ಕೂಸನ್ನ ಕೊಡಬ್ಯಾಡ್ರಿ. ನೀವ ಮಾಡ್ರಿ."

ಅವಳು ಒಂದು ಹೃದಯವನ್ನು ಎತ್ತಿಕೊಂಡಳು. ಹೊಲಿಗೆಯ ಬದಿಯಲ್ಲೇ ಗೋಡೆ ಹರಿದಿತ್ತು.

"ನಾನೂ ಕುಬಸ ಹೊಲಿಯಾಕಿ ಅದೀನ್ರಿ. ಇದು ನನ್ನ ಕೂಸಾಗಿದ್ರ ಉಳೀತಿದ್ದಿಲ್ಲ." ಅದನ್ನು ಬೆಂಕಿ ಮುಟ್ಟಿದಂತೆ ಕೆಳಗಿಟ್ಟು, ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಎಲ್ಲೂ ಒಂದು ಸುಕ್ಕೂ ಇರಲಿಲ್ಲ. "ಹೊಲಿಗಿ ಅಂದ್ರ ಇದು! ನೋಡ ತಂಗಿ, ಸಾಹೇಬ್ರ ಕೈ ನೋಡಿ ಕಲಿ."

ಕಿರಿಯ ವೈದ್ಯೆ ತಲೆ ತಗ್ಗಿಸಿದಳು. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಹರಿದದ್ದು ನಂದವ್ವಾ."